ಹೆಪ್ಪಿನ ಗಾಡಿ

ನನ್ನ ಗಂಡ ಈರಬಸಪ್ಪನವರು ಹೊಸ ವೂಫರ್ ಡಬ್ಬಿಯೊಂದನ್ನು ಎದೆಗವಚಿಕೊಂಡು ನಮ್ಮ ಮನೆಯ ಕಟ್ಟೆಯಿಂದ ಕೆಳಗೆ ಬಿದ್ದದ್ದು ಒಂದು ಸಂತೆಯ ದಿನ. ಡಬ್ಬಿಗೆ ಒಂದು ಗೀರೂ ಆಗಲಿಲ್ಲ. ಅವರ ಬಲಗಾಲು ಮುರಿಯಿತು. ಬಿದ್ದಲ್ಲಿಂದಲೇ, "ಏ ನಿಂಬೀ, ಮೊದ್ಲ ಡಬ್ಬಿ ನೋಡು, ಒಡದೈತೇನು?" ಎಂದು ನನ್ನನ್ನು ಕೂಗಿದರು. ಸದ್ದು ಕೇಳಿ ಓಡಿಬಂದ ಓಣಿಯ ಹೆಂಗಸರೂ ಮೊದಲು ಡಬ್ಬಿಯನ್ನೇ ಮುಟ್ಟಿ, ಹೊರಳಿಸಿ, ಬಡಿದು ನೋಡಿದರು. ತಿರುವಿನ ಮನೆಯ ಸಾವಕ್ಕ ಮಾತ್ರ, "ಅಯ್ಯ ನಮ್ಮವ್ವ, ಡಬ್ಬಿ ಇರ್ಲಿ, ಆ ಮನಶ್ಯಾನ ಕಾಲು ಯಾ ಕಡೆ ತಿರುಗೈತಿ ನೋಡ್ರಿ!" ಎಂದಳು.

ಹೆಂಗಸರನ್ನು ದೂರಬಾರದು. ನಮ್ಮೂರಿನಲ್ಲಿ ಹಾಲು ತಾನಾಗಿ ಹೆಪ್ಪಾಗುವುದಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಕಲಕಿ ಮುಚ್ಚಿಟ್ಟರೆ ಬೇರೆ ಊರುಗಳಲ್ಲಿ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುತ್ತದಂತೆ. ನಮ್ಮಲ್ಲಿ ಅದು ಬೆಳಗಾದರೂ ಹಾಲೇ. ದಪ್ಪ ಸದ್ದೊಂದು ಅದರ ಮೈಮೇಲೆ ಹಾದುಹೋಗಬೇಕು, ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವಂಥ ಸದ್ದು. ಆಗ ಹಾಲು ಒಮ್ಮೆ ನಡುಗಿ, ಅಂಚಿನಿಂದ ನಡುವಿಗೆ ಮೆಲ್ಲಗೆ ಕಟ್ಟಿಕೊಳ್ಳುತ್ತ ಬಂದು, ಎರಡು ಹಾಡು ಮುಗಿಯುವಷ್ಟರಲ್ಲಿ ಗಡಿಗೆ ವಾಲಿಸಿದರೂ ತುಳುಕದ ಹಾಗೆ ನಿಲ್ಲುತ್ತದೆ. ಗುಡುಗಿಗೂ ಮೊಸರಾಗುತ್ತದೆ, ಆದರೆ ಅದು ಗಂಟುಗಂಟು, ಹುಳಿ. ಎಮ್ಮೆಗಳೂ ಮೂಸಿ ಬಿಡುತ್ತವೆ. ರಸ್ತೆ ಮಾಡುವ ರೋಲರ್ ಬಂದು ನಿಂತ ವರ್ಷ ಊರಿನಲ್ಲಿ ಮೊಸರು ಹೆಚ್ಚಾಗಿ, ಇದ್ದಬದ್ದ ಮದುವೆಗಳನ್ನೆಲ್ಲ ಮುಗಿಸಿಬಿಟ್ಟರು. ದಪ್ಪ ದನಿಯ ಗಂಡು ಎಂದರೆ ಹೆಣ್ಣು ಹೆತ್ತವರು ಇವತ್ತಿಗೂ ಮುಗಿಬೀಳುತ್ತಾರೆ. ನನ್ನ ಗಂಡನದು ಕೀರಲು ದನಿ. ಆದರೆ ಊರಬಾಗಿಲ ಅಗಸಿಯ ಮೇಲೆ ಹೆಪ್ಪಿನ ನಗಾರಿ ಬಾರಿಸುವ ಮನೆತನ ಎಂದು ನನ್ನ ಅಪ್ಪ ಒಪ್ಪಿ ಕೊಟ್ಟ.

ನಗಾರಿಯ ಚರ್ಮ ಹರಿದ ಮೇಲೆ ಗಾಡಿಗಳು ಬಂದವು. ಈಗ ಒಂದೊಂದು ಓಣಿಗೆ ಒಂದೊಂದು ಹೆಪ್ಪಿನ ಗಾಡಿ. ಹೊತ್ತು ಮುಳುಗುವ ಸಮಯಕ್ಕೆ ಹೆಂಗಸರು ಗಡಿಗೆ, ಪಾತ್ರೆ, ಡಬ್ಬಿಗಳನ್ನು ಹೊಸ್ತಿಲಿಗೆ ತಂದಿಟ್ಟು ಕೂರುತ್ತಾರೆ. ಗಂಡಸರು ಗಾಡಿ ತಂದು ನಿಲ್ಲಿಸಿ ಹಾಡು ಹಚ್ಚುತ್ತಾರೆ. ನಮ್ಮ ಓಣಿಯದು ಇವರು ನಡೆಸುವ, ಉದ್ದ ಡಿಕ್ಕಿಯ ಹಳೆಯ ಬಿಳಿ ಕಾರು. ದಪ್ಪ ಸದ್ದು ಹೊರಡಿಸುವ ಅದರ ಒಂಟಿ ವೂಫರಿನ ಹಾಳೆ ಹರಿದು, ಹಾಡಿನ ತುಂಬ ಫರ್ ಫರ್ ಎನ್ನತೊಡಗಿದಾಗ ಓಣಿಯವರೆಲ್ಲ ಸೇರಿ ಒಂದು ಜೋಡಿ ಹೊಸವನ್ನು ತರಿಸಿದರು. ಆ ಜೋಡಿಯನ್ನು ಒಳಗಿನಿಂದ ಗಾಡಿಗೆ ಸಾಗಿಸುವಾಗಲೇ ಇವರು ಬಿದ್ದದ್ದು.

ನಮ್ಮೂರಿನ ಕಟ್ಟಳೆ ಹೀಗಿದೆ: ಒಂದು ಸಂತೆಯಿಂದ ಮುಂದಿನ ಸಂತೆಯ ತನಕ ಓಣಿಯ ಹಾಲು ಹೆಪ್ಪಾಗದೆ ಉಳಿದರೆ ಆ ಓಣಿಯ ಗಾಡಿ ಸತ್ತಂತೆ. ಪಕ್ಕದ ಓಣಿಯ ಗಾಡಿ ಬರುತ್ತದೆ. ಹಾಗೆ ಬಂದ ಗಾಡಿ ತಿರುಗಿ ಹೋದದ್ದನ್ನು ಯಾರೂ ನೋಡಿಲ್ಲ. ನಮ್ಮ ಪಕ್ಕದ್ದು ಮೇಲಿನ ಓಣಿ, ಅಲ್ಲಿನ ಗಾಡಿ ಫಕ್ಕೀರಪ್ಪನದು. ಅವನು ಹಾಡಿನ ನಡುನಡುವೆ ತನ್ನ ಅಂಗಡಿಯ ಜಾಹೀರಾತು ತುರುಕುತ್ತಾನೆ. "ಪೈಪು, ಸಿಮೆಂಟು, ಕಬ್ಬಿಣ, ಎಲ್ಲಾದಕ್ಕೂ ಒಂದ ಅಂಗಡಿ" ಎಂದು ಕೇಳಿ ಕೇಳಿ ಮೇಲಿನ ಓಣಿಯ ಕೂಸುಗಳು ಅವ್ವ ಎನ್ನುವ ಮೊದಲು ಸಿಮೆಂಟು ಎನ್ನುತ್ತವೆ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ ಕೂಡಲೇ ಇವರು, "ಫಕ್ಕೀರಪ್ಪಗ ಹೇಳಿ ಕಳಸು. ಕಾಲು ಕೂಡೂ ತನಕ ಅಂವನ ಗಾಡಿ ಬರ್ಲಿ" ಎಂದರು. ನೋಡಲು ಬಂದ ಸಾವಕ್ಕ ಅಲ್ಲೇ ಇದ್ದಳು. ಅವಳ ಮುಖ ಸಣ್ಣಗಾಯಿತು. ಮುಂದಿನ ಸಂತೆಯ ಮರುದಿನವೇ ಅವಳ ಬಸುರಿ ಮಗಳು ಗಂಗೂನ ಕುಬಸ, ಅಂದರೆ ಸೀಮಂತ. ಕುಬಸದ ಮೊಸರುಬುತ್ತಿಗೆ ಸ್ವಂತ ಓಣಿಯ ಗಾಡಿಯಲ್ಲಿ ಹೆಪ್ಪಾದ ಮೊಸರೇ ಆಗಬೇಕು. ಬೇರೆ ಓಣಿಯದನ್ನು ತಿಂದರೆ ಹುಟ್ಟಿದ ಕೂಸು ನಡೆಯಲು ಕಲಿತ ದಿನದಿಂದ ಆ ಓಣಿಗೇ ಓಡುತ್ತದೆ ಎಂದು ನಂಬಿಕೆ. ಹಾಗೆ ಓಡಿದ ಒಂದಿಬ್ಬರು ಊರಿನಲ್ಲಿ ಇದ್ದಾರೆ ಕೂಡ.

"ಗಾಡಿ ನಾ ಓಡಸ್ತೀನಿ," ಎಂದೆ.

ಇವರು ನಕ್ಕರು. ಕಾಲು ನೋವಾಗಿ ನಗುವನ್ನು ಅರ್ಧಕ್ಕೆ ನಿಲ್ಲಿಸಿದರು. "ಹಾಲು ಕಾಸಿದಂಗಲ್ಲ ಅದು. ವಾಯರಿನ ಕೆಲಸ."

"ತೌರಮನ್ಯಾಗ ಟ್ರ್ಯಾಕ್ಟರ್ ಓಡಿಸಿನ್ರಿ. ವಾಯರೇನು ಹಾವಲ್ಲಲ್ಲ?"

"ಮಂದಿ ಏನಂದಾರು?"

"ಮೊಸರಾತಂದ್ರ ಮೊಸರಾತು ಅಂತಾರ," ಎಂದಳು ಸಾವಕ್ಕ, ನನಗಿಂತ ಮೊದಲು.

ಅಷ್ಟು ಧೈರ್ಯ ನನಗೆ ಆ ದಿನ ಹೇಗೆ ಬಂತೋ ತಿಳಿಯದು. ಆಸೆಯೇನೋ ಹಳೆಯದು. ಎಷ್ಟು ಸಂಜೆ ಹೊಸ್ತಿಲಿನಲ್ಲಿ ಗಡಿಗೆಯ ಮುಂದೆ ಕೂತಿದ್ದೇನೆ! ಸದ್ದು ಯಾವ ದಿನ ತೆಳ್ಳಗಿದೆ, ಯಾವ ಹಾಡಿಗೆ ಅಂಚು ಬೇಗ ಕಟ್ಟುತ್ತದೆ, ಗಾಡಿ ಒಂದು ಮಾರು ಆಚೀಚೆ ನಿಂತರೆ ಯಾರ ಮನೆಯ ಮೊಸರು ನೀರೊಡೆಯುತ್ತದೆ, ಎಲ್ಲ ನನಗೆ ಬೆರಳ ತುದಿಯಲ್ಲಿತ್ತು. ಇವರಿಗೆ ಆಗಾಗ ಹೇಳಿಯೂ ಇದ್ದೆ. ಇವರು ಹೂಂ ಎಂದು ಟವೆಲ್ ಕೊಡವಿಕೊಂಡು ಹೊರಟುಬಿಡುತ್ತಿದ್ದರು. ನಾನು ಸುಮ್ಮನಾಗುತ್ತಿದ್ದೆ. ನಮ್ಮದು ಜಗಳದ ಸದ್ದೇ ಇಲ್ಲದ ಮನೆ ಎಂದು ಓಣಿಯಲ್ಲಿ ಹೆಸರಿತ್ತು.

ಮರುದಿನ ಬೆಳಿಗ್ಗೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗಾಡಿಯೊಳಗೆ ತೂರಿದೆ. ಇವರು ಕಿಟಕಿಯ ಸರಳು ಹಿಡಿದು ಮಂಚದಿಂದಲೇ ಹೇಳುತ್ತ ಹೋದರು. ಅದನ್ನು ಮರೆಮಾಚಬಾರದು, ಗೊತ್ತಿದ್ದದ್ದನ್ನು ಚೆನ್ನಾಗಿಯೇ ಹೇಳಿದರು. ಬ್ಯಾಟರಿಯಿಂದ ಬರುವ ದಪ್ಪ ಕೆಂಪು ವಾಯರಿಗೆ ಬ್ಯಾಟರಿಯ ಬುಡದಲ್ಲೇ ಫ್ಯೂಸು. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರಿನ ಬಳೆ, ಇಲ್ಲವಾದರೆ ಅಂಚು ಕೊರೆದು ಬೆಂಕಿ. ಕಪ್ಪು ವಾಯರು ಕೂರುವ ಜಾಗದಲ್ಲಿ ಬಣ್ಣ ಕೆರೆದು ಬರಿಯ ಕಬ್ಬಿಣ ಕಾಣಿಸಬೇಕು. ಸೀದ ಹಾಲಿನ ಪಾತ್ರೆ ಕೆರೆಯುವ ತಗಡು ತಂದು ಹೊಳೆಯುವ ಹಾಗೆ ಕೆರೆದೆ. ಕರೆಂಟಿನ ವಾಯರನ್ನು ಬಲಮಗ್ಗುಲಿಗೆ, ಹಾಡಿನ ವಾಯರನ್ನು ಎಡಮಗ್ಗುಲಿಗೆ ಎಳೆದೆ. ಎರಡನ್ನೂ ಜೊತೆಯಲ್ಲಿ ಹರಿಸಿದರೆ ಇಂಜಿನ್ನಿನ ಕುಂಯ್‌ಗುಟ್ಟುವಿಕೆ ಹಾಡಿನೊಳಗೆ ಬಂದು ಸೇರುತ್ತದೆ. ಆಂಪ್ಲಿಫೈಯರನ್ನು ಹಿಂದಿನ ಸೀಟಿನ ಬೆನ್ನಿಗೆ ಬಿಗಿದೆ. ಎರಡು ಡಬ್ಬಿಗಳನ್ನೂ ಡಿಕ್ಕಿಯಲ್ಲಿ ಅಕ್ಕಪಕ್ಕ ಕೂರಿಸಿ, ಬಾಯಿ ಹಿಂದಕ್ಕೆ ಮಾಡಿ, ಡಿಕ್ಕಿಯ ಬಾಗಿಲಿಗೂ ಅವಕ್ಕೂ ನಡುವೆ ಒಂದು ಗೇಣು ಬಿಟ್ಟು, ಅಲುಗದಂತೆ ಪಟ್ಟಿ ಕಟ್ಟಿದೆ. ನಂಬರ್ ಪ್ಲೇಟು ಗದಗದ ನಡುಗುತ್ತದೆಂದು ಸಾವಕ್ಕ ಹಳೆಯ ಕೌದಿಯ ತುಂಡು ತಂದು ಅದರ ಹಿಂದೆ ತುರುಕಿದಳು.

ಉಳಿದದ್ದು ಆಂಪ್ಲಿಫೈಯರಿನಿಂದ ಎರಡು ವೂಫರುಗಳಿಗೆ ಹೋಗುವ ಜೋಡಿ ವಾಯರು. ನಮ್ಮೂರ ಅಂಗಡಿಯಲ್ಲಿ ಸಿಗುವುದರ ಎರಡು ಎಳೆಗಳೂ ಕಪ್ಪು. ಒಂದರ ಮೈಮೇಲೆ ಮಾತ್ರ ಉಗುರಿಗೆ ತಾಗುವಂಥ ಒಂದು ಸಣ್ಣ ಏಣು ಇರುತ್ತದೆ, ಗುರುತಿಗೆ. ಡಬ್ಬಿಗಳನ್ನು ಮೊದಲೇ ಕಟ್ಟಿಬಿಟ್ಟಿದ್ದರಿಂದ ವಾಯರು ಬಿಗಿಯುವ ತಿರುಪುಗಳು ಹಿಂಬದಿಯ ಕತ್ತಲೆಯಲ್ಲಿ ಸೇರಿಕೊಂಡಿದ್ದವು. ಕಣ್ಣಿಗೆ ಕಾಣವು. ತಲೆ ಓರೆ ಮಾಡಿ, ಎರಡು ಕೈಗಳನ್ನೂ ಸಂದಿಗೆ ತೂರಿಸಿ ಬೆರಳಿನಿಂದಲೇ ತಡವಿ ಕಟ್ಟಿದೆ. ಜಡೆ ಹೆಣೆಯುವುದು, ರವಿಕೆಯ ಗುಂಡಿ ಹಾಕಿಕೊಳ್ಳುವುದು, ನಾವು ಕಣ್ಣಿನಿಂದ ಮಾಡುತ್ತೇವೆಯೇ? ಹಾಗೆಯೇ ಇದೂ ಎಂದುಕೊಂಡೆ.

ಆ ಸಂಜೆ ಓಣಿಯ ಇಬ್ಬದಿಯಲ್ಲೂ ಗಡಿಗೆಗಳು ಸಾಲಾಗಿ ಕೂತವು. ಗಂಗೂ ಬಸುರಿಯ ಹೊಟ್ಟೆ ಹೊತ್ತು ಮನೆಯ ಬಾಗಿಲಿಗೆ ಒರಗಿ ನಿಂತಳು. ನಾನು ಗಾಡಿಯನ್ನು ಇವರು ಯಾವಾಗಲೂ ನಿಲ್ಲಿಸುವ ಹಾಗೆ ಓಣಿಯ ನಡುವೆ ನಿಲ್ಲಿಸಿ ಹಾಡು ಹಚ್ಚಿದೆ. ಹಾಡುವವಳ ದನಿ ಬಂತು, ಹಾರ್ಮೋನಿಯಂ ಪೇಟಿ ಬಂತು, ಗೆಜ್ಜೆಯೂ ಬಂತು. ದಪ್ಪ ಸದ್ದು ಬರಲಿಲ್ಲ. ಇಳಿದು ಡಿಕ್ಕಿ ಎತ್ತಿ ನೋಡಿದರೆ ಎರಡು ವೂಫರುಗಳೂ ಮೈದುಂಬಿ ಕುಣಿಯುತ್ತಿವೆ! ಮುಂದೆ ಕೈ ಹಿಡಿದರೆ ಗಾಳಿ ಬಡಿಯುತ್ತದೆ. ಆದರೆ ಓಣಿಯಲ್ಲಿ ಹೊಟ್ಟೆಗೆ ಕೇಳುವಂಥದ್ದು ಏನೂ ಇಲ್ಲ. ಗಡಿಗೆಗಳಲ್ಲಿ ಹಾಲು ಕನ್ನಡಿಯ ಹಾಗೆ ಸ್ತಬ್ಧ.

"ಜೋರ ಮಾಡು!" ಎಂದು ಕಿಟಕಿಯಿಂದ ಇವರು.

ಜೋರು ಮಾಡಿದೆ. ಹಾಡುವವಳು ಚೀರತೊಡಗಿದಳು. ಗುಬ್ಬಿಗಳು ಎದ್ದು ಹೋದವು. ಹಾಲು ಹಾಲೇ.

ಮರುದಿನ ಮೇಲಿನ ಓಣಿಯ ಫಕ್ಕೀರಪ್ಪ ಇವರ ಕಾಲು ನೋಡುವ ನೆವ ಮಾಡಿಕೊಂಡು ಬಂದ. ಚಹಾ ಕುಡಿದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಿಂಬಿಹಣ್ಣು ತಾಗಿದ್ರ ಹಾಲು ಒಡೀತೈತಿ ಅಂತ ಕೇಳಿದ್ದೆ, ನಿಂಬಕ್ಕಾರ. ಹೆಪ್ಪ ಆಗೂದಿಲ್ಲ ಅನ್ನೂದು ಈಗ ಗೊತ್ತಾತು ನೋಡ್ರಿ," ಎಂದ.

ಸಾವಕ್ಕ ಕಟ್ಟೆಯ ಮೇಲೆ ಮೆಂತೆಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆಯೇ, "ನಿಮ್ಮ ಅಂಗಡಿ ಸಿಮೆಂಟರ ಗಟ್ಟಿ ಆಗತೈತೇನ್ರಿ ಅಣ್ಣಾರ? ಮೊದ್ಲ ಅದನ್ನ ನೋಡ್ಕೊಳ್ರಿ. ನಮ್ಮ ಹಾಲಿನ ಚಿಂತಿ ನಮಗಿರ್ಲಿ," ಎಂದಳು. ಅವನು ನಗುತ್ತಲೇ ಹೋದ. ಹೋಗುವಾಗ, "ಸಂತಿ ದಿನ ಗಾಡಿ ತೊಳದ ಇಟ್ಟಿರ್ತೀನಿ," ಎಂದು ಇವರಿಗೆ ಹೇಳಿಹೋದ. ಇವರು ಆಯಿತು ಎಂದದ್ದು ನನಗೆ ಕೇಳಿಸಿತು.

ಆ ವಾರ ಓಣಿ ಬರಿಯ ಶೇಂಗಾಚಟ್ನಿಯಲ್ಲಿ ರೊಟ್ಟಿ ತಿಂದಿತು. ಬಾಯಿ ಬಿಟ್ಟು ಯಾರೂ ನನ್ನನ್ನು ಬೈಯಲಿಲ್ಲ, ಆದರೆ ಸಂಜೆ ಹಾಲು ತಿರುಗಿ ಒಳಗೆ ಒಯ್ಯುವಾಗ ಪಾತ್ರೆಗಳು ತುಸು ಜೋರಾಗಿ ಸದ್ದು ಮಾಡುತ್ತಿದ್ದವು. ಸಲಹೆಗಳಿಗೆ ಬರವಿರಲಿಲ್ಲ. ಡಬ್ಬಿಯ ಬಾಯಿ ಮುಂದಕ್ಕೆ ಮಾಡು ಎಂದರು ಇವರು, ಮಾಡಿದೆ. ಮೇಲಕ್ಕೆ ಮಾಡು ಎಂದ ಒಬ್ಬ ಮುದುಕ, ಮಾಡಿದೆ. ಕುಂಕುಮ ಹಚ್ಚು ಎಂದಳು ಒಬ್ಬ ಮುದುಕಿ, ಹಚ್ಚಿದೆ. ಡಬ್ಬಿಗಳನ್ನು ಹಿಂದಿನ ಸೀಟಿನ ಮೇಲೆ ಇಬ್ಬರು ಬೀಗರ ಹಾಗೆ ಕೂರಿಸಿಯೂ ನೋಡಿ, ಕೊನೆಗೆ ತಿರುಗಿ ಡಿಕ್ಕಿಗೇ ತಂದೆ. ಪ್ರತಿಸಲವೂ ಬಿಚ್ಚಿ, ಹೊಸ ಜಾಗದಲ್ಲಿ ಕಟ್ಟಿ, ಅದೇ ಕೈಯಿಂದ ಅದೇ ರೀತಿ ವಾಯರು ಸೇರಿಸಿದೆ. ಗಂಗೂ ಮಾತ್ರ ಪ್ರತಿ ಸಂಜೆ ಬಾಗಿಲಿಗೆ ಬಂದು ನಿಂತು, "ನಾಳಿಗೆ ಆಗತೈತಿ ಬಿಡು ದೊಡ್ಡವ್ವ," ಎನ್ನುತ್ತಿದ್ದಳು. ಆ ಮಾತು ಫಕ್ಕೀರಪ್ಪನ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಸಂತೆಯ ದಿನ ಮಧ್ಯಾಹ್ನ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಎರಡು ತಂದದ್ದೇ ತಪ್ಪು, ಒಂಟಿಯಿದ್ದಾಗಲೇ ಚೆನ್ನಾಗಿತ್ತು ಎಂದು ಬಲಗಡೆಯ ವೂಫರಿನ ವಾಯರನ್ನು ಹಿಡಿದು ಎಳೆದುಬಿಟ್ಟೆ. ಪರೀಕ್ಷೆಗೆಂದು ಹಚ್ಚಿದ್ದ ಹಾಡು ಇನ್ನೂ ನಡೆಯುತ್ತಿತ್ತು. ಎಳೆದದ್ದೇ ತಡ, ನನ್ನ ಹೊಟ್ಟೆಯೊಳಗೆ ಯಾರೋ ಮೆಲ್ಲಗೆ ಗುದ್ದಿದ ಹಾಗಾಯಿತು. ಸಾವಕ್ಕ ಬಂಪರಿನ ಮೇಲೆ ಇಟ್ಟಿದ್ದ ಹೆಪ್ಪು ಹಾಕಿದ ಹಾಲಿನ ತಂಬಿಗೆ ಝಣ್ ಎಂದಿತು. ಇಬ್ಬರೂ ಬಗ್ಗಿ ನೋಡಿದೆವು. ಹಾಲು ನಡುಗುತ್ತಿತ್ತು. ಅಂಚು ಕಟ್ಟುತ್ತಿತ್ತು.

"ಇದೇನ ನಿಂಬಕ್ಕ? ಒಂದಿದ್ರ ಆಗತೈತಿ, ಎರಡಿದ್ರ ಆಗೂದಿಲ್ಲ?"

"ಹಂಗ ಕಾಣತೈತಿ."

"ಅಣ್ಣತಮ್ಮರ ಹೆಂಡ್ರು ನೆಗೆಣ್ಣ್ಯಾರು ಒಂದ ಒಲಿ ಮುಂದ ಕುಂತಂಗಾತಲ್ಲ! ಒಬ್ಬಾಕಿ ಇದ್ರ ಅಡಗಿ ಆಗತಿತ್ತು. ಇಬ್ಬರೂ ಕುಂತ್ರ ಉಪವಾಸ."

ನಗುತ್ತಲೇ ವಾಯರನ್ನು ಮತ್ತೆ ಸೇರಿಸಿದೆ. ದಪ್ಪ ಸದ್ದು ದೀಪ ಆರಿದಂತೆ ಹೋಯಿತು. ತೆಗೆದೆ, ಬಂತು. ಸೇರಿಸಿದೆ, ಹೋಯಿತು. ಆಮೇಲೆ ಡಿಕ್ಕಿಯ ಮುಂದೆ ಮಂಡಿಯೂರಿ, ಗಂಗೂನ ಹೊಟ್ಟೆ ಮುಟ್ಟುವಷ್ಟು ಹಗುರವಾಗಿ ಎರಡು ಅಂಗೈಗಳನ್ನೂ ಎರಡು ವೂಫರಿನ ಹಾಳೆಗಳ ಮೇಲೆ ಇಟ್ಟು ಕಣ್ಣು ಮುಚ್ಚಿದೆ. ಹಾಡು ನಿಧಾನದ್ದು. ಎಡಗೈಯನ್ನು ಹಾಳೆ ಹೊರಕ್ಕೆ ದೂಡುವ ಹೊತ್ತಿಗೆ ಬಲಗೈಯ ಕೆಳಗಿನದು ಒಳಕ್ಕೆ ಸರಿಯುತ್ತಿತ್ತು. ಬಲದ್ದು ಹೊರಬಂದರೆ ಎಡದ್ದು ಒಳಗೆ. ಇದು ದೂಡಿದ ಗಾಳಿಯನ್ನು ಅದು ಕುಡಿದುಬಿಡುತ್ತಿತ್ತು. ಎರಡೂ ದಣಿಯುತ್ತಿದ್ದವು, ಓಣಿಗೆ ಏನೂ ಮುಟ್ಟುತ್ತಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಟಾರ್ಚಿನ ಸೆಲ್ಲು ತಂದೆ. ಎರಡಕ್ಕೂ ಕೂಡಿ ಹೋಗುವ ವಾಯರಿನ ಬುಡವನ್ನು ಆಂಪ್ಲಿಫೈಯರಿನಿಂದ ಬಿಡಿಸಿ ಸೆಲ್ಲಿಗೆ ಮುಟ್ಟಿಸಿದರೆ ಎಡದ್ದು ಟಪ್ಪೆಂದು ಮುಂದೆ ಬಂತು, ಬಲದ್ದು ಟಪ್ಪೆಂದು ಹಿಂದೆ ಹೋಯಿತು. ಡಬ್ಬಿಗಳನ್ನು ಬಿಚ್ಚಿ ಬೆಳಕಿಗೆ ಹೊರಳಿಸಿದೆ. ಎರಡರಲ್ಲೂ ಕೆಂಪಿಗೇ ಹೋಗಬೇಕಾಗಿದ್ದ ಏಣಿನ ಎಳೆ ಎಡದ ಡಬ್ಬಿಯಲ್ಲಿ ಎಡಕ್ಕಿದ್ದ ಕೆಂಪು ತಿರುಪಿಗೆ, ಬಲದ ಡಬ್ಬಿಯಲ್ಲಿ ಬಲಕ್ಕಿದ್ದ ಕಪ್ಪು ತಿರುಪಿಗೆ. ಎರಡೂ ಕಡೆ ಹೊರಮಗ್ಗುಲಿಗೆ! ನೋಡಿದ ಕೂಡಲೇ ತಿಳಿಯಿತು. ದಿನಾ ಬೆಳಿಗ್ಗೆ ಅಂಗಳದಲ್ಲಿ ಎಡಕ್ಕೊಂದು ಎಸಳು ಹೊರಕ್ಕೆ ಬಾಗಿಸಿದರೆ ಬಲಕ್ಕೊಂದು ಎಸಳನ್ನು ಹೊರಕ್ಕೆ ಬಾಗಿಸುವ ಕೈ ಇದು. ಕತ್ತಲಲ್ಲಿ ಬಿಟ್ಟರೆ ರಂಗೋಲಿಯನ್ನೇ ಹಾಕಿದೆ. ಸಾವಕ್ಕನಿಗೆ ತೋರಿಸಿದೆ. ಅವಳು, "ಛಂದ ಐತಿ ಬಿಡ, ಅರಿಷಿಣ ಕುಂಕುಮ ಒಂದ ಕಮ್ಮಿ," ಎಂದು ಬಂಪರಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನೂ ನಕ್ಕೆ. ಆದರೆ ತಿರುಪು ಬಿಚ್ಚಿ ಎಳೆಗಳನ್ನು ಅದಲುಬದಲು ಮಾಡುವಾಗ ಕೈ ಒಂದು ಗಳಿಗೆ ನಿಂತಿತು. ಇವರು ಮಾತು ಹೊರಕ್ಕೆ ದೂಡಿದಾಗಲೆಲ್ಲ ನಾನು ಉಸಿರು ಒಳಕ್ಕೆ ಎಳೆದುಕೊಂಡು ಎಷ್ಟು ವರ್ಷ ಕಳೆದೆ! ಮನೆ ನಿಶ್ಶಬ್ದವಾಗಿತ್ತು, ಹೌದು. ಅದನ್ನೇ ನೆಮ್ಮದಿ ಎಂದುಕೊಂಡಿದ್ದೆ, ನೆರೆಯವರೂ ಹಾಗೆಯೇ ಅಂದುಕೊಂಡಿದ್ದರು. ಹೆಚ್ಚು ಯೋಚಿಸಲು ಪುರುಸೊತ್ತಿರಲಿಲ್ಲ. ತಿರುಪು ಬಿಗಿದೆ. ಸೆಲ್ಲು ಮುಟ್ಟಿಸಿದೆ. ಎರಡೂ ಒಟ್ಟಿಗೆ, ಅವಳಿ ಕರುಗಳು ಮೂತಿ ಮುಂದೆ ಮಾಡಿದ ಹಾಗೆ, ಹೊರಕ್ಕೆ ಬಂದವು.

ಸಂಜೆಯಾಯಿತು. ಸಂತೆಯಿಂದ ಬಂದವರೆಲ್ಲ ಚೀಲ ಕೆಳಗಿಟ್ಟು ಅಲ್ಲೇ ನಿಂತರು. ಓಣಿಯ ತುದಿಯಲ್ಲಿ ಫಕ್ಕೀರಪ್ಪನ ಗಾಡಿ ತೊಳೆದ ಎಮ್ಮೆಯ ಹಾಗೆ ಹೊಳೆಯುತ್ತ ಕಾಯುತ್ತಿತ್ತು. ನಾನು ಓಣಿಯ ನಡುವೆ ಗಾಡಿ ನಿಲ್ಲಿಸಿ ಹಾಡು ಹಚ್ಚಿದೆ. ಈ ಸಲ ಬಂತು. ನೆಲದಿಂದ ಎದ್ದು ಪಾದದ ಮೂಲಕ ಮೇಲಕ್ಕೆ ಹತ್ತಿತು. ಬಳೆಗಳು ತಾವಾಗಿ ಕಿಣಿಕಿಣಿಗುಟ್ಟಿದವು. "ಬಂತು! ಬಂತು!" ಎಂದು ಕೂಸುಗಳು ಕುಣಿದವು. ಸಾಲಿನ ಗಡಿಗೆಗಳಲ್ಲಿ ಒಂದಾದ ಮೇಲೊಂದು ಅಂಚು ಕಟ್ಟತೊಡಗಿತು.

ಆದರೆ ತಿರುವಿನ ಮನೆಯ ಹೊಸ್ತಿಲಿನಲ್ಲಿ ಸಾವಕ್ಕ ತನ್ನ ದೊಡ್ಡ ಹಂಡೆಯ ಮುಂದೆ ಕೂತು ನನ್ನ ಕಡೆ ತಲೆ ಅಲ್ಲಾಡಿಸಿದಳು. ಕುಬಸದ ಹಂಡೆ ಅದು, ಇಬ್ಬರು ಹಿಡಿದರೂ ಎತ್ತಲಾಗದ್ದು. ತಿರುವಿನ ಮನೆಗಳಿಗೆ ಸದ್ದು ಯಾವತ್ತೂ ಮುಟ್ಟುತ್ತಿರಲಿಲ್ಲ. ಅಲ್ಲಿಯವರು ಪಾತ್ರೆಗಳನ್ನು ಹೊತ್ತುಕೊಂಡು ಬಂದು ಬೇರೆಯವರ ಹೊಸ್ತಿಲಿನಲ್ಲಿ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಹಂಡೆಯನ್ನು ಹೊರಲಾದೀತೇ? ಫಕ್ಕೀರಪ್ಪ ಇಂಜಿನ್ ಚಾಲೂ ಮಾಡಿದ. ಒಂದು ಮನೆಯ ಹಾಲು ಉಳಿದರೂ ಇಡೀ ಓಣಿಯದು ಉಳಿದ ಹಾಗೆಯೇ ಎಂಬುದು ಅವನ ಲೆಕ್ಕ, ಕಟ್ಟಳೆಯ ಲೆಕ್ಕವೂ ಅದೇ.

ತಿರುವಿನಲ್ಲಿ ಹಾಳುಬಿದ್ದ ಹತ್ತಿಯ ಗೋದಾಮು ಇದೆ. ಅದರ ಎರಡು ಎತ್ತರದ ಗೋಡೆಗಳು ಕೂಡುವ ಮೂಲೆಯ ಎದುರಿಗೇ ಸಾವಕ್ಕನ ಮನೆ. ಆ ಮೂಲೆಯಲ್ಲಿ ನಿಂತು ಯಾರಾದರೂ ಕೆಮ್ಮಿದರೆ ಕೆಮ್ಮು ದಪ್ಪಗಾಗಿ ಇಡೀ ಓಣಿಗೆ ಬರುತ್ತದೆ ಎಂಬುದನ್ನು ನಾನು ಹೊಸ್ತಿಲಿನಲ್ಲಿ ಕೂತು ಕೂತು ಬಲ್ಲೆ. ಗಾಡಿಯನ್ನು ಹಿಂದಕ್ಕೆ ತಿರುಗಿಸಿದೆ.

"ಏ! ಎಲ್ಲಿ ಹೊಂಟಿ? ನಡುವ ನಿಂದ್ರಸು!" ಎಂದು ಇವರು ಕಿಟಕಿಯಿಂದ ಕೂಗಿದರು. "ಗಾಡಿ ಮಂದಿಗೆ ಕಾಣೂವಂಗ ನಿಂದ್ರಬೇಕು!"

"ಮೊಸರಿಗೆ ಕಣ್ಣಿಲ್ರಿ!" ಎಂದೆ.

"ಮೂಲ್ಯಾಗ ಮಾರಿ ಹಾಕಿದ್ರ ಸದ್ದು ಗ್ವಾಡಿ ಕುಡೀತೈತಿ! ನನಗ ಗೊತ್ತಿಲ್ಲೇನು? ಹೊಳ್ಳಿ ತಾ!"

"ಇಲ್ಲ, ತರೂದಿಲ್ಲ!"

ಅಷ್ಟು ಜೋರಾಗಿ ನಾನು ಕೂಗಿದ್ದು ಅದೇ ಮೊದಲು. ಹೊಟ್ಟೆಯಿಂದ ಬಂದ ದನಿ. ಓಣಿಯೆಲ್ಲ ತಿರುಗಿ ನೋಡಿತು. ಇವರು ಇನ್ನೂ ಜೋರಾಗಿ, "ತರೂದಿಲ್ಲಂದ್ರ?" ಎಂದರು. ನಾನು ಅದಕ್ಕಿಂತ ಜೋರಾಗಿ, "ತರೂದಿಲ್ಲ ಅಂದ್ರ ತರೂದಿಲ್ಲ! ಎಷ್ಟ ವರ್ಷ ಹೇಳೀನಿ ತಿರುವಿಗೆ ಮುಟ್ಟೂದಿಲ್ಲ ಅಂತ? ಇವತ್ತ ಕೇಳ್ರಿ!" ಎಂದೆ. ಯಾರೋ ಒಬ್ಬಳು, "ಅಬ್ಬಾ, ನಿಂಬಕ್ಕಗ ಇಷ್ಟ ದನಿ ಐತೇನ!" ಎಂದಳು. ಇನ್ನೊಬ್ಬಳು ತನ್ನ ಗಡಿಗೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

ಗಾಡಿಯ ಹಿಂಭಾಗವನ್ನು ಗೋದಾಮಿನ ಮೂಲೆಯೊಳಕ್ಕೆ ಒಯ್ದು, ಗೋಡೆಗೂ ಬಂಪರಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲಿಸಿದೆ. ಡಿಕ್ಕಿಯ ಬಾಗಿಲನ್ನು ಪೂರ್ತಿ ತೆರೆದೆ. ಹಾಡನ್ನು ಜೋರು ಮಾಡಲಿಲ್ಲ, ಬದಲಿಗೆ ತುಸು ತಗ್ಗಿಸಿದೆ. ಮೊದಲ ಪೆಟ್ಟು ಗೋಡೆಗೆ ಹೋಗಿ, ಎರಡೂ ಗೋಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿ ಬಂತು. ಬೆಚ್ಚಗಿನ ಕೌದಿಯನ್ನು ಯಾರೋ ಓಣಿಯ ಉದ್ದಕ್ಕೂ ಹಾಸುತ್ತ ಹೋದ ಹಾಗಿತ್ತು. ಸಾವಕ್ಕನ ಹಂಡೆಯ ಹಿಡಿಬಳೆಗಳು ಗುಣುಗುಟ್ಟಿದವು. ಅವಳು ಬಗ್ಗಿ ಒಳಗೆ ನೋಡುತ್ತಿದ್ದಳು. ಗಂಗೂ ಎರಡು ಕೈಗಳಿಂದ ಹೊಟ್ಟೆ ಹಿಡಿದುಕೊಂಡು, "ದೊಡ್ಡವ್ವಾ, ಒಳಗ ಕುಣ್ಯಾಕತ್ತೈತಿ! ನಿಮ್ಮ ಹಾಡಿಗೆ ಕುಣ್ಯಾಕತ್ತೈತಿ!" ಎಂದು ಚೀರಿದಳು.

ಎರಡನೆಯ ಹಾಡು ಮುಗಿದಾಗ ಸಾವಕ್ಕ ಹಂಡೆಯ ನಡುವೆ ಸೌಟು ನಿಲ್ಲಿಸಿದಳು. ಸೌಟು ನೆಟ್ಟಗೆ ನಿಂತಿತು. ಅವಳು ಮದುವೆಯಾಗಿ ಆ ಮನೆಗೆ ಬಂದ ಮೇಲೆ ಸ್ವಂತ ಹೊಸ್ತಿಲಿನಲ್ಲಿ ಕಂಡ ಮೊದಲ ಮೊಸರು ಅದು. ಸೆರಗಿನಿಂದ ಕಣ್ಣು ಒರೆಸಿಕೊಂಡು, ತಕ್ಷಣವೇ ಓಣಿಯ ತುದಿಗೆ ತಿರುಗಿ, "ಫಕ್ಕೀರಪ್ಪಣ್ಣಾ, ನಾಳಿಗೆ ಉಣ್ಣಾಕ ಬರ್ರಿ. ಗಾಡಿ ಮನ್ಯಾಗ ಬಿಟ್ಟು ಬರ್ರಿ!" ಎಂದು ಕೂಗಿದಳು. ಅವನು ಬಂದ. ಮೊಸರುಬುತ್ತಿಯನ್ನು ಮೂರು ಸಲ ಹಾಕಿಸಿಕೊಂಡು, ಗಾಡಿ ನಿಂತಿದ್ದ ಮೂಲೆಯನ್ನು ಕಣ್ಣಿನಲ್ಲೇ ಅಳೆದುಕೊಂಡು ಹೋದ.

ಮನೆಯಲ್ಲಿ ಇವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆಯ ಮೊಸರನ್ನು ಬೆರಳಿನಿಂದ ಒತ್ತಿ ನೋಡಿ, "ಗಟ್ಟಿ ಐತಿ," ಎಂದರು. ನಾನು "ಐತಿ" ಎಂದೆ. ಆಮೇಲೆ ಜಗಳಗಳು ಶುರುವಾದವು. ಯಾವ ಹಾಡು, ಎಷ್ಟು ಜೋರು, ಡಬ್ಬಿಗಳ ನಡುವೆ ಸಂದಿ ಇರಬೇಕೇ ಬೇಡವೇ. ಇವರು ಕಿಟಕಿಯಿಂದ, ನಾನು ಅಂಗಳದಿಂದ. ಓಣಿಯವರು ಮೊದಮೊದಲು ಬಿಡಿಸಲು ಬರುತ್ತಿದ್ದರು, ಆಮೇಲೆ ಕೇಳಲು ಬರತೊಡಗಿದರು. ಇವರ ಮಾತಿನಲ್ಲಿ ಸರಿಯೆನಿಸಿದ್ದನ್ನು ನಾನು ಮಾಡುತ್ತಿದ್ದೆ, ಉಳಿದದ್ದನ್ನು ಬೇಡ ಎನ್ನುತ್ತಿದ್ದೆ. ಬೇಡ ಎನ್ನುವುದು ಇಷ್ಟು ಸುಲಭದ ಶಬ್ದ ಎಂದು ಯಾರೂ ನನಗೆ ಹೇಳಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿದ ದಿನ ಸಂಜೆ ಇವರು ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಲೂರಿಕೊಂಡು ಗಾಡಿಯ ಹತ್ತಿರ ಬಂದರು. ನಾನು ಸ್ಟೇರಿಂಗಿನ ಮುಂದೆ ಕೂತಾಗಿತ್ತು. ಇವರು ಕಿಟಕಿಯೊಳಗೆ ಕೈ ಚಾಚಿದರು. "ತಾ, ಕೀಲಿ."

ಎರಡೂ ಬದಿಯ ಹೊಸ್ತಿಲುಗಳಿಂದ ಕತ್ತುಗಳು ಇತ್ತ ಚಾಚಿದವು. ಸಾವಕ್ಕ ಗಂಗೂನ ಕೈ ಹಿಡಿದುಕೊಂಡಳು. ನನ್ನ ಕೈ ಕೀಲಿಯ ಮೇಲಿನಿಂದ ಏಳಲಿಲ್ಲ.

"ಒಳಗ ಒಲಿ ಮ್ಯಾಲೆ ಹಾಲಿನ ಗಡಗಿ ಐತಿ," ಎಂದೆ. "ಉಗುರುಬೆಚ್ಚಗ ಆಗಿರಬೇಕು. ಬೆರಳು ಹಾಕಿ ನೋಡ್ರಿ. ಹೆಪ್ಪ ಕಲಿಸಿ ಹೊಸ್ತಿಲದಾಗ ತಂದು ಇಡ್ರಿ. ನಾ ಗಾಡಿ ಹಚ್ಚತೀನಿ."

ಇವರು ನನ್ನನ್ನು ನೋಡಿದರು, ಓಣಿಯನ್ನು ನೋಡಿದರು, ಕಾಲನ್ನು ನೋಡಿಕೊಂಡರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ದರೆ ತಿರುಗಿ ಏನು ಹೇಳಬೇಕೆಂದು ಕೂಡ ಸಿದ್ಧಮಾಡಿಕೊಂಡಿದ್ದೆ. ಇವರು ತಲೆ ಕೆರೆದುಕೊಂಡು, ಬಹಳ ತಗ್ಗಿದ ದನಿಯಲ್ಲಿ ಕೇಳಿದರು, "ಎಷ್ಟ ಹೆಪ್ಪ ಹಾಕಬೇಕು?"

"ಒಂದ ಚಮಚಾ."

"ದೊಡ್ಡ ಚಮಚಾನೋ, ಸಣ್ಣದೋ?"

"ಸಣ್ಣದ್ರಿ."

ಕೋಲೂರುತ್ತ ಒಳಗೆ ಹೋದರು. ನಾನು ಗಾಡಿಯನ್ನು ಗೋದಾಮಿನ ಮೂಲೆಗೆ ಹಿಂದಕ್ಕೊಯ್ದು ನಿಲ್ಲಿಸಿ, ಇಳಿದು ಡಿಕ್ಕಿ ತೆರೆದು, ಹಾಡು ಹಚ್ಚಿದೆ. ಅಲ್ಲಿಂದ ನಮ್ಮ ಹೊಸ್ತಿಲು ಕಾಣುತ್ತದೆ. ಇವರು ಗಡಿಗೆಯನ್ನು ತಂದು ಎಲ್ಲರಂತೆ ಕೆಳಗಿಡುವ ಬದಲು, ಹೊಸ್ತಿಲ ಮೇಲೆ ಮುರಿದಿದ್ದ ಕಾಲನ್ನು ನೀಡಿಕೊಂಡು ಕೂತು, ಎರಡು ಕೈಗಳಲ್ಲೂ ತಬ್ಬಿ ಹಿಡಿದಿದ್ದರು. ಕೆಳಗಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಸದ್ದು ಗೋಡೆ ಬಿಟ್ಟು ಓಣಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಇವರ ಬೆನ್ನು ನೆಟ್ಟಗಾಯಿತು, ಬಾಯಿ ತೆರೆಯಿತು. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ಆ ಕೀರಲು ದನಿ ಬಂತು:

"ನಿಂಬೀ! ಏ ನಿಂಬೀ! ಕೈಯಾಗ ನಡುಗಾಕತ್ತೈತಿ! ಕೈಯಾಗ ಗಟ್ಟಿ ಆಗಾಕತ್ತೈತಲ್ಲೇ ಇದು!"

ಸಾವಕ್ಕ ಗಲ್ಲದ ಮೇಲೆ ಬೆರಳಿಟ್ಟುಕೊಂಡು, "ಅಯ್ಯ ಶಿವನ, ಇಷ್ಟ ವರ್ಷ ಹಚ್ಚಿದಾಂವಗ ಇವತ್ತ ಗೊತ್ತಾತು ಏನ ಹಚ್ಚತಿದ್ದೆ ಅಂತ," ಎಂದಳು. ಹೊಸ್ತಿಲಿನಿಂದ ಹೊಸ್ತಿಲಿಗೆ ನಗು ದಾಟುತ್ತ ಹೋಯಿತು. ಇವರೂ ನಗುತ್ತಿದ್ದರು, ಗಡಿಗೆ ಮಾತ್ರ ಬಿಡಲಿಲ್ಲ.

ನಾನು ಎರಡನೆಯ ಹಾಡು ಹಚ್ಚಿದೆ.